ಒಂದು ವಿನೋದೋದ್ಯಾನದ ಪಂಚಾಂಗ

ಪಂಚಾಂಗವೆಂದೊಡನೆ ತಿಥಿ, ವಾರ, ನಕ್ಷತ್ರಗಳು ನಮ್ಮ ನೆನಪಿಗೆ ಬರುವುವು. ಚಂದ್ರನ ಗತಿಯನ್ನನುಸರಿಸಿ ಯುಗಾದಿ, ದೀಪಾವಳಿಗಳು ಬರುವುವು. ಸೂರ್ಯನ ಗತಿಯನ್ನನುಸರಿಸಿ ಸಂಕ್ರಾಂತಿ ಬರುವುದು. ಯಾವ ಕಚೇರಿಯ ಅಪ್ಪಣೆಗೂ ಇವು ಕಾಯುವುದಿಲ್ಲ. ಆದರೆ ಟಿಕೆಟು ಕೊಂಡು ಒಳಗೆ ಹೋಗಬೇಕಾದ ತೋಟವೊಂದಕ್ಕೂ ತನ್ನದೇ ಆದ ಪಂಚಾಂಗವಿರಬಹುದೆಂದರೆ ನಮ್ಮ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸೀತು. ಅಂತಹ ತೋಟಗಳು ಇಂದು ಜಗತ್ತಿನಲ್ಲಿ ಅನೇಕವಾಗಿವೆ. ತಿರುಗುವ ತೊಟ್ಟಿಲು, ಏರಿಳಿಯುವ ರೈಲು, ಸಂಗೀತ, ನಾಟಕ, ಊಟದ ಮನೆಗಳು, ಇವೆಲ್ಲವೂ ಒಂದೇ ಆವರಣದಲ್ಲಿರುವ ವಿನೋದೋದ್ಯಾನಗಳು ಅವು. ಋತುವಿಗೊಂದು ಉತ್ಸವವನ್ನು ಏರ್ಪಡಿಸಿ, ಅದರ ಸುದ್ದಿಯನ್ನು ಮುಂಚಿತವಾಗಿ ಪ್ರಕಟಿಸುವುದು ಅವುಗಳ ಪದ್ಧತಿ. ಈ ಪದ್ಧತಿ ಹೇಗೆ ಬೆಳೆಯಿತೆಂಬುದನ್ನು ನೋಡುವುದಕ್ಕೆ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿರುವ ಟಿವೊಲಿ ಉದ್ಯಾನಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಟಿವೊಲಿಯ ಬಾಗಿಲು ಮೊದಲು ತೆರೆದುದು 1843ನೆಯ ಆಗಸ್ಟ್ 15ರಂದು. (ಆಗಸ್ಟ್ 15 ಎಂದೊಡನೆ ನಮ್ಮ ಮಕ್ಕಳಿಗೆ ಬೇರೊಂದು ನೆನಪಾಗುವುದು ಸಹಜ, ಟಿವೊಲಿಯವರಿಗೆ ಅದು ಹುಟ್ಟುಹಬ್ಬದ ದಿನ.) ಆಗ ನಮ್ಮ ತಮಿಳುನಾಡಿನ ಕರಾವಳಿಯ ತರಂಗಂಬಾಡಿ ಇನ್ನೂ ಡೇನರ ಕೈಯಲ್ಲಿಯೇ ಇದ್ದಿತು, ಅದನ್ನು ಅವರು ಇಂಗ್ಲಿಷರಿಗೆ ಮಾರಿದುದು ಎರಡು ವರ್ಷಗಳ ತರುವಾಯ, 1845ರಲ್ಲಿ. ಉದ್ಯಾನವನ್ನು ಸ್ಥಾಪಿಸಿದವನು ಗಿಯೋರ್ಗ್ ಕಾರ್‌ಸ್ಟೆನ್ಸೆನ್ ಎಂಬ ಸಾಹಸಿ. ಪ್ಯಾರಿಸ್ಸಿನ ಟಿವೊಲಿ, ಲಂಡನ್ನಿನ ವಾಕ್ಸ್‌ಹಾಲ್ ಎಂಬ ತೋಟಗಳ ಹೆಸರನ್ನೇ ಕೂಡಿಸಿ ತನ್ನ ತೋಟಕ್ಕೆ ಇಟ್ಟನು. ಪ್ಯಾರಿಸ್ಸಿನ ತೋಟದ ಹೆಸರಾದರೂ ರೋಮಿನ ಹತ್ತಿರದ ಒಂದು ಊರಿನಿಂದ ಬಂದುದು. ದೊರೆಯಾದ ಎಂಟನೆಯ ಕ್ರಿಶ್ಚಿಯನ್ನನ ಬಳಿ ಅಪ್ಪಣೆ ಬೇಡುವಾಗ, ಜನರು ವಿನೋದದಲ್ಲಿ ತೊಡಗಿದ್ದರೆ ರಾಜಕೀಯವನ್ನು ಚಿಂತಿಸರೆಂದು ಅವನು ವಾದಿಸಿದನೆಂಬ ಪ್ರತೀತಿಯುಂಟು. ನಿಜವಿರಲಿ ಇಲ್ಲದಿರಲಿ, ಇದು ಒಳ್ಳೆಯ ವಾದವೆಂದು ನಾವು ಹೇಳಲಾರೆವು. ಅಂತೂ ದೊರೆಗೆ ಅದು ಒಪ್ಪಿಗೆಯಾಗಿ, ಐದು ವರ್ಷಗಳ ಅನುಮತಿ ದೊರಕಿತು.

ದೊರೆತ ಸ್ಥಳ ಊರಿನ ಕೋಟೆಯ ಹೊರಮಗ್ಗುಲು. ಯುದ್ಧ ಬಂದರೆ ಕೂಡಲೇ ಕಿತ್ತು ಹಾಕಲು ಸಾಧ್ಯವಾಗುವಂತೆ ಅಲ್ಲಿ ಹಗುರವಾದ ಮರದ ಕಟ್ಟಡಗಳನ್ನೇ ಕಟ್ಟಬೇಕಾಗಿದ್ದಿತು. ಈಗ ಕೋಟೆಯಿಲ್ಲ, ಊರು ಬೆಳೆದು ಉದ್ಯಾನವನ್ನು ನಾಲ್ಕು ಕಡೆಯಿಂದಲೂ ಬಳಸಿಕೊಂಡಿದೆ. ಒಂದು ಪಕ್ಕದಲ್ಲಿ ಮುಖ್ಯ ರೈಲುನಿಲ್ದಾಣ, ಇನ್ನೊಂದು ಪಕ್ಕದಲ್ಲಿ ನಗರಸಭೆಯ ಭವನ. ಒಳಗಿರುವ ಸರೋವರವೊಂದು ಮಾತ್ರ ಹಳೆಯ ಕಂದಕದ ಗುರುತಾಗಿ ಉಳಿದಿದೆ. ವಿಸ್ತಾರ ಸುಮಾರು 20 ಎಕರೆ. ಅಮೆರಿಕದ ಇಂದಿನ ಉದ್ಯಾನಗಳೊಡನೆ ಹೋಲಿಸಿದರೆ ಇದು ಸಣ್ಣದೇ. ಆದರೆ ಆ ಉದ್ಯಾನಗಳ ಮೂಲಪುರುಷನಾದ ವಾಲ್ಟ್ ಡಿಸ್ನಿ 1951ರಲ್ಲಿ ಇಲ್ಲಿಗೆ ಬಂದು ಎಲ್ಲವನ್ನೂ ಕಂಡುಹೋದನು. ಅವನ ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯದಲ್ಲಿ ತೆರೆದುದು 1955ರಲ್ಲಿ.

ಇನ್ನು ಪಂಚಾಂಗದ ಮಾತಿಗೆ ಬರೋಣ. ಟಿವೊಲಿ ಮೊದಲಿಗೆ ಕೇವಲ ಬೇಸಗೆಯ ತೋಟವಾಗಿದ್ದಿತು. ಕಾರಣವನ್ನು ಭೂಗೋಳದಲ್ಲಿ ಹುಡುಕಬೇಕು. ಕೋಪನ್‌ಹೇಗನ್ ಸುಮಾರು 55½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮುಂಬಯಿಯಾದರೋ 19 ಡಿಗ್ರಿಯಲ್ಲಿ. ಭೂಮಿಯ ಅಕ್ಷವು 23½ ಡಿಗ್ರಿ ವಾಲಿಕೊಂಡಿರುವುದರಿಂದ, ಉತ್ತರಕ್ಕೆ ಹೋದಷ್ಟೂ ಹಗಲು ಇರುಳುಗಳ ಅಂತರ ಹೆಚ್ಚುವುದೆಂದು ನಾವು ಪಾಠದಲ್ಲಿ ಓದಿದ್ದೇವೆ. ಮುಂಬಯಿಯ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ವ್ಯತ್ಯಾಸ ಎರಡು ಗಂಟೆ ಚಿಲ್ಲರೆ ಮಾತ್ರ. ಕೋಪನ್‌ಹೇಗನ್ನಿನಲ್ಲಿ ಜೂನ್ ತಿಂಗಳ ಹಗಲು 17½ ಗಂಟೆಗಳಷ್ಟು ಉದ್ದ. ಸೂರ್ಯನು ಮುಳುಗುವಾಗ ಗಡಿಯಾರದಲ್ಲಿ ರಾತ್ರಿ ಹತ್ತಾಗಿರುವುದು. ಡಿಸೆಂಬರಿನಲ್ಲಿ ಹಗಲು ಏಳೇ ಗಂಟೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಕತ್ತಲೆ ಕವಿಯತೊಡಗುವುದು. ಶಾಲೆಯಿಂದ ಮನೆಗೆ ಹೋಗುವ ಮಕ್ಕಳು ಬೀದಿದೀಪದ ಬೆಳಕಿನಲ್ಲಿ ನಡೆಯಬೇಕು.

ಆದುದರಿಂದ ವಸಂತದಲ್ಲಿ ತೆರೆದು, ಬೇಸಗೆಯಿಡೀ ನಡೆದು, ಎಲೆಯುದುರುವ ಕಾಲಕ್ಕೆ ಮುಚ್ಚುವುದೇ ಟಿವೊಲಿಯ ರೂಢಿಯಾಗಿದ್ದಿತು. ಬಣ್ಣದ ದೀಪಗಳೂ ಬಾಣಬಿರುಸುಗಳೂ ಅದರ ಕೀರ್ತಿಗೆ ಮೊದಲಿನಿಂದಲೂ ಕಾರಣ. ಬೇಸಗೆಯ ರಾತ್ರಿಯಲ್ಲಿ ಬಾಣಬಿರುಸು ಹಚ್ಚಬೇಕಾದರೆ ನಡುರಾತ್ರಿ ಸಮೀಪಿಸುವವರೆಗೂ ಕಾಯಬೇಕಾದುದೊಂದು ತಮಾಷೆ. ವಾದ್ಯವೃಂದದ ನಾಯಕನಾಗಿದ್ದ ಲುಂಬ್ಯೂ ಎಂಬ ಸಂಗೀತಗಾರನು 1845ರಲ್ಲಿ, ಉದ್ಯಾನದ ಎರಡನೆಯ ಹುಟ್ಟುಹಬ್ಬಕ್ಕಾಗಿ, ಷಾಂಪೇನ್ ಶೀಷೆಯ ಬಿರಡೆ ಹಾರುವ ಸದ್ದಿನಿಂದ ಮೊದಲಾಗುವ ಒಂದು ಕುಣಿತದ ರಾಗವನ್ನು ರಚಿಸಿದನು. ಅದು ಇಂದಿಗೂ ಅಲ್ಲಿ ನುಡಿಯುವುದು. 1844ರಿಂದ ಮಕ್ಕಳದೇ ಒಂದು ದಳವಿದೆ. ಅರಮನೆಯ ಕಾವಲುಗಾರರಂತೆ ಕೆಂಪು ಅಂಗಿ, ಎತ್ತರವಾದ ಕರಡಿತೊಗಲಿನ ಟೊಪ್ಪಿಗೆ ಧರಿಸಿ, ಕೊಳಲು ನಗಾರಿಗಳನ್ನು ಬಾರಿಸುತ್ತ ತೋಟದ ಹಾದಿಗಳಲ್ಲಿ ಅವರು ಮೆರವಣಿಗೆ ಹೋಗುವರು. ಬಹುಕಾಲ ಹುಡುಗರಿಗಷ್ಟೇ ಮೀಸಲಾಗಿದ್ದ ಈ ದಳದಲ್ಲಿ ಈಗ ಹುಡುಗಿಯರೂ ಉಂಟು.

ಮೊದಲ ವರ್ಷದ 1843ರ ಅಕ್ಟೋಬರ್ 11ರಂದು ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಈ ತೋಟಕ್ಕೆ ಬಂದನು. ಚೀನೀ ಅಲಂಕಾರದ ಗೋಪುರಗಳನ್ನೂ ತೂಗುದೀಪಗಳನ್ನೂ ಕಂಡನು. ಅದೇ ದಿನ ತನ್ನ ಚೀನೀ ಕಥೆಯನ್ನು ಬರೆಯಲಾರಂಭಿಸಿದುದಾಗಿ ದಿನಚರಿಯಲ್ಲಿ ಗುರುತು ಮಾಡಿದ್ದಾನೆ. ಅದೇ ‘ನೈಟಿಂಗೇಲ್’ ಎಂಬ ಪ್ರಸಿದ್ಧವಾದ ಕಥೆ. ಚಕ್ರವರ್ತಿಯೊಬ್ಬನಿಗೆ ಕಾಡಿನ ಹಕ್ಕಿಯ ಹಾಡು ಪ್ರಿಯವಾಗಿರುತ್ತದೆ. ರತ್ನಖಚಿತವಾದ ಯಂತ್ರದ ಹಕ್ಕಿ ಬಂದ ಮೇಲೆ ಜೀವದ ಹಕ್ಕಿ ಹಾರಿಹೋಗುವುದು. ಯಂತ್ರ ಕೆಟ್ಟು, ಚಕ್ರವರ್ತಿ ಸಾವಿನ ಹಾಸಿಗೆಯಲ್ಲಿರುವಾಗ ಅದು ಮರಳಿ ಬಂದು ಹಾಡುವುದು. ಸಾವಿರಾರು ಜನರ ವಿನೋದಕ್ಕೆಂದು ಕಟ್ಟಿದ ಕೃತಕ ಚೀನದಲ್ಲಿ ನಿಂತು, ಕೃತಕವಾದುದಕ್ಕೂ ಸಹಜವಾದುದಕ್ಕೂ ಇರುವ ಭೇದದ ಕಥೆಯನ್ನು ಆತ ಯೋಚಿಸಿದನೆಂಬುದನ್ನು ನಾವು ಆಗಾಗ ನೆನೆಯುವುದುಂಟು.

ಯುದ್ಧಕಾಲದಲ್ಲಿ ಈ ತೋಟದ ಪಂಚಾಂಗಕ್ಕೆ ದೊಡ್ಡ ಪರೀಕ್ಷೆ ಬಂದಿತು. 1940ರ ಏಪ್ರಿಲಿನಲ್ಲಿ ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದರು. ವಿಮಾನಗಳಿಗೆ ಕಾಣದಂತೆ ರಾತ್ರಿ ಊರೆಲ್ಲ ಕತ್ತಲಾಗಿರಬೇಕೆಂಬ ಆಜ್ಞೆಯಿದ್ದಿತು. ದೀಪಗಳಿಂದಲೇ ಬದುಕುವ ತೋಟಕ್ಕೆ ಇದಕ್ಕಿಂತ ಕಷ್ಟ ಬೇರೇನಿದೆ? ಆಗ ಟಿವೊಲಿಯ ವಾಸ್ತುಶಿಲ್ಪಿಯಾಗಿದ್ದ ಪೌಲ್ ಹೆನಿಂಗ್‌ಸೆನ್ ಒಂದು ಉಪಾಯ ಮಾಡಿದನು. ಬೆಳಕೆಲ್ಲ ಕೆಳಗೆ ನೆಲದ ಮೇಲೆ ಬಿದ್ದು, ಮೇಲಿನಿಂದ ನೋಡುವವನಿಗೆ ಏನೂ ಕಾಣದಂತೆ ಮರೆ ಕಟ್ಟಿದ ಒಂದು ಬಗೆಯ ದೀಪವನ್ನು 1941ರ ಸುಮಾರಿಗೆ ರಚಿಸಿದನು. ಕತ್ತಲ ಆಜ್ಞೆಯ ನಡುವೆಯೂ ತೋಟ ರಾತ್ರಿಯವರೆಗೆ ತೆರೆದಿರುವಂತಾಯಿತು. ಆದರೆ 1944ರ ಜೂನ್ 25ರಂದು ನಾಜಿ ಪಕ್ಷಪಾತಿಗಳಾದ ಡೇನರೇ ಒಳಗೆ ಸಿಡಿಮದ್ದಿಟ್ಟು, ಸಂಗೀತಶಾಲೆಯೇ ಮೊದಲಾದ ಕಟ್ಟಡಗಳನ್ನು ಸುಟ್ಟುಹಾಕಿದರು. ಜನರ ಧೈರ್ಯವನ್ನು ಮುರಿಯುವುದೇ ಅವರ ಉದ್ದೇಶ. ಕೆಲವೇ ವಾರಗಳಲ್ಲಿ ಟಿವೊಲಿ ಮತ್ತೆ ತೆರೆಯಿತು. ಸುಟ್ಟ ಸಂಗೀತಶಾಲೆಯ ಬದಲಿಗೆ ಹೊಸದು ಎದ್ದುದು 1956ರಲ್ಲಿ. ವಿನೋದದಿಂದ ಜನರು ರಾಜಕೀಯವನ್ನು ಮರೆಯುವರೆಂಬ ಕಾರ್‌ಸ್ಟೆನ್ಸೆನ್ನನ ವಾದಕ್ಕೆ ನೂರು ವರ್ಷಗಳ ಮೇಲೆ ದೊರೆತ ಉತ್ತರವಿದು.

ಬೇಸಗೆಯ ತೋಟ ಚಳಿಗಾಲಕ್ಕೂ ಕೈ ಚಾಚಿದುದು ತೀರ ಈಚಿನ ಸಂಗತಿ. ಊರಿನ ನಡುಮಧ್ಯದ ಬೆಲೆಬಾಳುವ ನೆಲ, ಅದರ ಮೇಲಿನ ಕಟ್ಟಡಗಳು, ಯಂತ್ರಗಳು ವರ್ಷದ ಅರ್ಧಭಾಗ ಸುಮ್ಮನೆ ಬಿದ್ದಿರುವುದು ಯಾವ ವ್ಯವಹಾರಸ್ಥನಿಗೂ ಹಿಡಿಸದು. 1994ರಲ್ಲಿ ಮೊದಲ ಬಾರಿಗೆ ಕ್ರಿಸ್ಮಸ್ಸಿಗಾಗಿ ಬಾಗಿಲು ತೆರೆಯಲಾಯಿತು. 2006ರಲ್ಲಿ ಅಕ್ಟೋಬರಿನ ಹ್ಯಾಲೋವೀನ್ ಸೇರಿತು. 2018ರಿಂದ ಫೆಬ್ರುವರಿಯ ಚಳಿಗಾಲದ ಉತ್ಸವವೂ ಬಂದಿತು. ಹೀಗೆ ಒಂದೇ ಋತುವಿನ ಪಂಚಾಂಗ ನಾಲ್ಕು ಋತುಗಳದಾಯಿತು.

ಇವುಗಳಲ್ಲಿ ಕ್ರಿಸ್ಮಸ್ ಆ ನೆಲದಲ್ಲಿಯೇ ಬೇರೂರಿದ ಹಬ್ಬ. ಡೇನರು ಅದನ್ನು ‘ಯೂಲ್’ ಎನ್ನುವರು. ಕ್ರೈಸ್ತಧರ್ಮ ಬರುವುದಕ್ಕೆ ಮುಂಚೆ ನಡುಚಳಿಗಾಲದ ಹಬ್ಬಕ್ಕಿದ್ದ ಹೆಸರೇ ಅದು. ಏಳು ಗಂಟೆಯ ಹಗಲಿರುವ ದೇಶದಲ್ಲಿ ದೀಪದ ಬೆಲೆ ಏನೆಂಬುದು ದೀಪಾವಳಿಯ ಅಮಾವಾಸ್ಯೆಯನ್ನು ಕಂಡ ನಮಗೆ ಸ್ವಲ್ಪಮಟ್ಟಿಗೆ ತಿಳಿದೀತು. ಬಿಳಿಯ ಮತ್ತು ಕೆಂಪು ಕಾಗದದ ಎರಡು ತುಂಡುಗಳನ್ನು ಚಾಪೆಯಂತೆ ಹೆಣೆದು ಹೃದಯದಾಕಾರದ ಪುಟ್ಟ ಚೀಲ ಮಾಡಿ ಮರಕ್ಕೆ ತೂಗುಹಾಕುವುದು ಅಲ್ಲಿನ ಮನೆಮನೆಯ ಕೆಲಸ. ಉಳಿದುಬಂದಿರುವ ಅಂತಹ ಚೀಲಗಳಲ್ಲಿ ಅತಿ ಹಳೆಯದು 1860ರಲ್ಲಿ ಆಂಡರ್ಸನ್ ಮಾಡಿದುದು. ಟಿವೊಲಿಯೊಳಗಿನ ಕ್ರಿಸ್ಮಸ್ ಈ ಮನೆಯ ಹಬ್ಬವನ್ನೇ ದೊಡ್ಡದು ಮಾಡಿ ತೋರಿಸುವುದು.

ಹ್ಯಾಲೋವೀನಿನ ಕಥೆ ಬೇರೆ. ಕುಂಬಳಕಾಯಿಯನ್ನು ಕೊರೆದು ಒಳಗೆ ದೀಪವಿಟ್ಟು ಭೂತದ ಮುಖ ಮಾಡುವ ಈ ಆಚರಣೆ ಡೇನರ ಹಳೆಯ ಹಬ್ಬವಲ್ಲ. ಅಮೆರಿಕದಿಂದ ಈಚೆಗೆ ಹಡಗು ಹತ್ತಿ ಬಂದುದು. ಆದರೆ ಅದಕ್ಕೆ ಸಿಕ್ಕ ಕಾಲ ಮಾತ್ರ ಹಳೆಯದು. ಡೆನ್ಮಾರ್ಕಿನ ಶಾಲೆಗಳಿಗೆ ಅಕ್ಟೋಬರ್ ನಡುವೆ ಒಂದು ವಾರದ ರಜೆಯುಂಟು. ಅದರ ಹಿಂದಿನ ಹೆಸರು ‘ಬಟಾಟೆ ರಜೆ’. ಹೊಲದಲ್ಲಿ ಬಟಾಟೆ ಅಗೆಯುವುದಕ್ಕೆ ಮಕ್ಕಳ ಕೈಯೂ ಬೇಕಾಗಿದ್ದುದರಿಂದ ಕೊಟ್ಟ ರಜೆಯದು. ಈಗ ಯಂತ್ರಗಳು ಬಟಾಟೆ ಅಗೆಯುವುವು. ರಜೆ ಹಾಗೆಯೇ ಉಳಿದಿದೆ. ಅಂದು ಹೊಲದಲ್ಲಿ ಬಗ್ಗಿ ದುಡಿಯುತ್ತಿದ್ದವರ ಮರಿಮಕ್ಕಳು ಇಂದು ಅದೇ ವಾರದಲ್ಲಿ ತಂದೆತಾಯಿಗಳ ಕೈಹಿಡಿದು ಟಿಕೆಟು ಕೊಂಡು ಕುಂಬಳಕಾಯಿಯ ರಾಶಿಗಳನ್ನು ನೋಡಲು ಹೋಗುವರು. ಸುಗ್ಗಿ ಹೋಗಿ ಸುಗ್ಗಿಯ ಚಿತ್ರ ಉಳಿಯಿತೆಂದು ಕೆಲವರು ಹಳಿಯಬಹುದು. ನಾವು ಅಷ್ಟು ಕಠಿನವಾಗಿ ಮಾತಾಡಲಾರೆವು. ಈ ನಗರದಲ್ಲಿ ನಮ್ಮ ಸಂಘಗಳು ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಅನುಕೂಲವಾದ ಭಾನುವಾರಕ್ಕೆ ಮುಂದೂಡಿ, ಬಾಡಿಗೆಯ ಸಭಾಗೃಹದಲ್ಲಿ ಹಂಚುವುದಿಲ್ಲವೆ? ಹೊಲವನ್ನೇ ಕಾಣದ ನಾವು ಅಲ್ಲಿ ಸುಗ್ಗಿಯ ಹಾಡು ಹಾಡುವುದಿಲ್ಲವೆ? ಆ ಎಳ್ಳು ನಮಗೆ ಸಪ್ಪೆಯೆನಿಸಿಲ್ಲ. ಆದರೆ ಒಂದು ಭೇದವನ್ನು ಮರೆಯಲಾಗದು: ನಮ್ಮ ಸಭಾಗೃಹದ ಬಾಗಿಲಲ್ಲಿ ಹಣವಿಲ್ಲದ ಹುಡುಗನನ್ನು ಯಾರೂ ತಡೆಯುವುದಿಲ್ಲ. ಟಿವೊಲಿಯ ಬಾಗಿಲಲ್ಲಿ ಟಿಕೆಟು ಕೇಳುವರು. ಸ್ಥಾಪಕನಾದ ಕಾರ್‌ಸ್ಟೆನ್ಸೆನ್‌ಗೆ ಆಡಳಿತದವರೊಡನೆ ವೈಮನಸ್ಯವಾಗಿ, ಅವನು ಅಮೆರಿಕಕ್ಕೆ ಹೋಗಿ ಮರಳಿ ಬಂದಾಗ, ತನ್ನ ತೋಟಕ್ಕೆ ತಾನೇ ಟಿಕೆಟು ಕೊಳ್ಳಬೇಕಾಯಿತೆಂದು ಒಂದು ಕಥೆ ಹೇಳುತ್ತಾರೆ.

ಫೆಬ್ರುವರಿಯ ಸುಮಾರಿಗೆ ಡೇನರಿಗೆ ‘ಫಾಸ್ತೆಲಾವ್ನ್’ ಎಂಬ ಮಕ್ಕಳ ಹಬ್ಬ ಬರುವುದು. ಅದರ ವರ್ಣನೆ ಕೇಳಿದರೆ ಮುಂಬಯಿಯ ಮಕ್ಕಳು ಕಿವಿ ನಿಮಿರಿಸಿಯಾರು. ಮಿಠಾಯಿ ತುಂಬಿದ ಮರದ ಪೀಪಾಯಿಯನ್ನು ಹಗ್ಗದಿಂದ ತೂಗುಹಾಕಿ, ವೇಷ ಹಾಕಿದ ಮಕ್ಕಳು ಸರದಿಯಂತೆ ದೊಣ್ಣೆಯಿಂದ ಹೊಡೆಯುವರು. ತಳವನ್ನು ಒಡೆದು ಮಿಠಾಯಿ ಸುರಿಸಿದವರು ‘ಬೆಕ್ಕಿನ ರಾಣಿ’, ಕಡೆಯ ಚೂರನ್ನು ಬೀಳಿಸಿದವರು ‘ಬೆಕ್ಕಿನ ರಾಜ’. ಪೂರ್ವಕಾಲದಲ್ಲಿ ಪೀಪಾಯಿಯೊಳಗೆ ನಿಜವಾದ ಬೆಕ್ಕನ್ನೇ ಇಡುತ್ತಿದ್ದರಂತೆ; ಆ ಕ್ರೌರ್ಯ ನಿಂತುಹೋದುದು ಒಳ್ಳೆಯದೇ ಆಯಿತು. ಗೋಕುಲಾಷ್ಟಮಿಯ ಮೊಸರುಗಡಿಗೆಗೂ ಈ ಪೀಪಾಯಿಗೂ ಯಾವ ಸಂಬಂಧವೂ ಇಲ್ಲ. ಮೇಲೆ ತೂಗುವುದನ್ನು ಒಡೆಯಬೇಕೆಂಬ ಆಸೆ ಎಲ್ಲ ದೇಶದ ಮಕ್ಕಳಿಗೂ ಒಂದೇ ಎನ್ನಬೇಕು.

ಮನುಷ್ಯರು ಬರೆದ ಪಂಚಾಂಗವೂ ಕೆಲವು ಸಲ ತಪ್ಪುವುದು. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ವಸಂತದ ಬಾಗಿಲು ಜೂನಿಗೆ ತೆರೆಯಿತು. ಆ ವರ್ಷದ ಕ್ರಿಸ್ಮಸ್ ನಡುವೆಯೇ ನಿಂತಿತು.

ತೋಟದ ಮಾಲಿಗಳಿಗೆ ಇನ್ನೊಂದು ಪಂಚಾಂಗವಿದೆ. ವಸಂತದಲ್ಲಿ ಬಾಗಿಲು ತೆರೆಯುವಾಗ ಹಾದಿಯ ಎರಡೂ ಬದಿಗೆ ಟ್ಯೂಲಿಪ್ ಹೂಗಳು ಅರಳಿರಬೇಕು. ಅದಕ್ಕಾಗಿ ಅದರ ಗೆಡ್ಡೆಗಳನ್ನು ಹಿಂದಿನ ಶರತ್ಕಾಲದಲ್ಲಿಯೇ, ಇತ್ತ ಕುಂಬಳಕಾಯಿಗಳನ್ನು ಸಾಗಿಸುತ್ತಿರುವಾಗ ಅತ್ತ ನೆಲದಲ್ಲಿ ಹೂಳಬೇಕು. ಟ್ಯೂಲಿಪ್ಪಿಗೆ ಹಲವು ವಾರಗಳ ಚಳಿ ತಗಲದಿದ್ದರೆ ಅದು ಸರಿಯಾಗಿ ಹೂಬಿಡದು. ನಮ್ಮ ಮುಂಬಯಿ, ಚೆನ್ನೈಗಳ ನೆಲದಲ್ಲಿ ಅದು ಬೆಳೆಯದಿರುವುದಕ್ಕೂ ಇದೇ ಕಾರಣ. ಕ್ರಿಸ್ಮಸ್ಸಿನ ಸಾವಿರಾರು ಜನ ದೀಪಗಳನ್ನು ನೋಡುತ್ತ ನಡೆದಾಡುವಾಗ ಆ ಗೆಡ್ಡೆಗಳು ಪಕ್ಕದ ಪಾತಿಯ ತಣ್ಣಗಿನ ಮಣ್ಣಿನಲ್ಲಿ ಮಲಗಿರುತ್ತವೆ. ಬಾಗಿಲು ತೆರೆಯುವ ದಿನವನ್ನು ಕಚೇರಿಯವರು ತಿಂಗಳುಗಟ್ಟಲೆ ಮೊದಲೇ ಪ್ರಕಟಿಸಿರುವರು. ಮಾರ್ಚ್ ಬಂದಿತೆಂದರೆ ಮಾಲಿಗಳು ಬೆಳಗ್ಗೆ ಎದ್ದವರೇ ಪಾತಿಯ ಬಳಿ ಹೋಗಿ, ಮೊಳಕೆ ಎಷ್ಟು ಬಂದಿದೆಯೆಂದು ಬಗ್ಗಿ ನೋಡುವರು.