ಒಂದೇ ಒಲೆ, ಎರಡು ಖಾತೆ

ನಿರ್ಣಾ, ಹುಮನಾಬಾದ್, ಬಸವಕಲ್ಯಾಣದ ಕಡೆಯ ಹುಡುಗರು ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿ, ಮದುವೆಯಾಗಿ ಅಲ್ಲೇ ಮನೆ ಮಾಡಿದರೆ ಊರಲ್ಲಿ ಕೇಳುವ ಮಾತು ಒಂದೇ: ಎರಡು ಪಗಾರ, ಒಂದು ಕಿರಾಯಿ, ಇನ್ನು ದುಡ್ಡು ಉಳಿಯುತ್ತದೆ. ಲೆಕ್ಕಕ್ಕೆ ಇದು ಸರಿಯೇ. ಕುಟುಂಬಗಳ ಖರ್ಚು ಹೋಲಿಸಲು ಅರ್ಥಶಾಸ್ತ್ರಜ್ಞರು ಬಳಸುವ ಒಂದು ಅಳತೆಯಲ್ಲಿ ಮನೆಯ ಮೊದಲನೆಯವರಿಗೆ 1 ಹಿಡಿದರೆ ಎರಡನೆಯವರಿಗೆ 0.5. ಬೇರೆ ಬೇರೆ ಇದ್ದಾಗ ತಲಾ 12,000 ರೂಪಾಯಿ ಖರ್ಚಿದ್ದವರಿಗೆ ಕೂಡಿ ಬಾಳಿದರೆ 18,000 ಸಾಕು. ತಿಂಗಳಿಗೆ 6,000 ಮಿಗಬೇಕು. ಆದರೆ ಈ ಮಿಗತೆಯನ್ನು ಯಾರೂ ಕೈಗೆ ಎಣಿಸಿ ಕೊಡುವುದಿಲ್ಲ. ಮನೆಯ ಅಡ್ವಾನ್ಸ್, ಮಂಚ, ಸಿಲಿಂಡರ್, ಕಂತಿನ ಫ್ರಿಜ್ಜು, ಊರಿನ ಹಬ್ಬಕ್ಕೆ ಎರಡು ಮನೆಯ ಉಡುಗೊರೆ ಎನ್ನುವಷ್ಟರಲ್ಲಿ ಅದು ಕರಗಿರುತ್ತದೆ. ಪೇಟೆಯ ಬದುಕೇ ದುಬಾರಿ: 2023-24ರ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ತಲೆಗೆ ತಿಂಗಳ ಖರ್ಚು ಸರಾಸರಿ 4,122 ರೂಪಾಯಿ, ಪಟ್ಟಣಗಳಲ್ಲಿ 6,996. ಹಾಗಾಗಿ ಪಗಾರ ಬಿದ್ದ ದಿನವೇ ಉಳಿತಾಯವನ್ನು ಎತ್ತಿಡಬೇಕು. ಬೀದರ್ ಜಿಲ್ಲೆಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ಸಂಘದ ಕಂತು ಮೊದಲು, ಸಂತೆ ಆಮೇಲೆ.

ಎತ್ತಿಟ್ಟ ಹಣ ಯಾರ ಹೆಸರಲ್ಲಿ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಮನೆ ಖರ್ಚಿಗೆ ಜಂಟಿ ಖಾತೆ ಇರಲಿ, ಉಳಿತಾಯ ಮಾತ್ರ ಇಬ್ಬರ ಹೆಸರಲ್ಲೂ ಬೇರೆ ಬೇರೆ ಬೆಳೆಯಲಿ ಎಂದು ನಾನು ಒತ್ತಿ ಹೇಳುತ್ತೇನೆ. ಮದುವೆಯಾದ ಮಾತ್ರಕ್ಕೆ ಗಂಡನ ಖಾತೆಯಲ್ಲಿ ಹೆಂಡತಿಗೆ ಅರ್ಧ ಪಾಲು ಕೊಡುವ ಕಾನೂನು, ಗೋವಾದಂಥ ಕೆಲವೆಡೆ ಬಿಟ್ಟರೆ, ನಮ್ಮಲ್ಲಿಲ್ಲ. ಮದುವೆಯಿಲ್ಲದೆ ಜೊತೆಗಿರುವವರ ಸ್ಥಿತಿ ಇನ್ನೂ ನಾಜೂಕು. ಗಂಡ ಹೆಂಡತಿ ನಡುವೆ ಲೆಕ್ಕವೇಕೆ, ನಂಬಿಕೆ ಇಲ್ಲವೇ ಎಂದು ಹಿರಿಯರು ಕೇಳಬಹುದು. ಆದರೆ ಕಲ್ಯಾಣದಲ್ಲಿ ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂದು ಹೇಳುವ ನೆಲ ಇದು. ಗಂಡನ ಚೀಲ ಬಿಚ್ಚಿ ನೋಡಿದ ಆಕೆಯನ್ನು ಅಪನಂಬಿಕೆಯವಳು ಎಂದು ಯಾರೂ ಕರೆದಿಲ್ಲ, ಶರಣೆ ಎಂದೇ ಕರೆದರು. ಹೆಂಡತಿ ಹೊರಗೆ ದುಡಿಯದ ಮನೆಗಳಲ್ಲಿ, ಅವಳಿಗೆ ಪಗಾರವೇ ಇಲ್ಲವಲ್ಲ, ಅವಳ ಖಾತೆಗೆ ಏನು ಹಾಕುವುದು ಎನ್ನುವವರೂ ಇದ್ದಾರೆ. ಮೆಸ್ಸಿನ ಊಟ, ಹೊರಗಿನ ಚಹಾ, ಬಟ್ಟೆ ಒಗೆಸುವ ಖರ್ಚು ನಿಂತದ್ದು ಅವಳು ರೊಟ್ಟಿ ಬಡಿದು, ಬಟ್ಟೆ ಒಗೆದದ್ದರಿಂದ. ಆ 6,000ದಲ್ಲಿ 3,000 ತಿಂಗಳ ಮೊದಲ ದಿನವೇ ಅವಳ ಹೆಸರಿಗೆ ಹೋಗಲಿ.