ಸಮಗ್ರ ಶಿಕ್ಷಾ: ಊರಿನ ಶಾಲೆಗೆ ಬರುವ ಅನುದಾನ

• ಆರಂಭ: 2018-19. ಸರ್ವ ಶಿಕ್ಷಾ ಅಭಿಯಾನ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣ ಯೋಜನೆಗಳ ವಿಲೀನ.

• ವೆಚ್ಚ ಹಂಚಿಕೆ: ಕೇಂದ್ರ-ರಾಜ್ಯ 60:40. ಈಶಾನ್ಯ ಮತ್ತು ಹಿಮಾಲಯ ರಾಜ್ಯಗಳಿಗೆ 90:10.

• ಅನುದಾನ ಹೆಚ್ಚಳ: ಮೊದಲು ₹14,500ರಿಂದ ₹50,000ದವರೆಗಿದ್ದ ವಾರ್ಷಿಕ ಶಾಲಾ ಅನುದಾನದ ಗರಿಷ್ಠ ಮಿತಿ ₹1 ಲಕ್ಷಕ್ಕೆ ಏರಿತು. ಮೊತ್ತವನ್ನು ನಿರ್ಧರಿಸುವುದು ಮಕ್ಕಳ ದಾಖಲಾತಿ. ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆಯಾದರೆ ಹಣವೂ ಕಡಿಮೆ. ಸಣ್ಣ ಹಳ್ಳಿ ಶಾಲೆಗಳ ಕೊರಗು ಇದೇ.

• ಬಳಕೆ: ಸೀಮೆಸುಣ್ಣ, ಕರೆಂಟ್ ಬಿಲ್, ಕುಡಿಯುವ ನೀರು, ಸಣ್ಣಪುಟ್ಟ ದುರಸ್ತಿ. ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು.

• ಪ್ರತ್ಯೇಕ ಅನುದಾನ: ಗ್ರಂಥಾಲಯಕ್ಕೆ ₹5,000ರಿಂದ ₹20,000, ಕ್ರೀಡೆಗೆ ₹5,000ರಿಂದ ₹25,000.

• ಉಸ್ತುವಾರಿ: ಶಾಲಾ ನಿರ್ವಹಣಾ ಸಮಿತಿ. ಕರ್ನಾಟಕದಲ್ಲಿ ಇದು ಎಸ್‌ಡಿಎಂಸಿ ಎಂದೇ ಪರಿಚಿತ. ಶಿಕ್ಷಣ ಹಕ್ಕು ಕಾಯ್ದೆ, 2009ರ ಸೆಕ್ಷನ್ 21ರಂತೆ ಸಮಿತಿಯ ಮುಕ್ಕಾಲು ಭಾಗ ಸದಸ್ಯರು ಪೋಷಕರು, ಅರ್ಧದಷ್ಟು ಮಹಿಳೆಯರು. ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಇದರ ಕೆಲಸ.

• ಗೊಂದಲ ಬೇಡ: ಸೆಕ್ಷನ್ 21 ಕಾಯ್ದೆಯದು, ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ 21-ಎ ವಿಧಿ ಸಂವಿಧಾನದ್ದು (86ನೇ ತಿದ್ದುಪಡಿ, 2002).