ಆಸ್ಪತ್ರೆಯ ಹಾಸಿಗೆಗೆ ಮನೆಯ ಹಾಡು

ಉದ್ದೇಶಗಳು
1. ಅಸ್ವಸ್ಥ ಮಕ್ಕಳ ಆರೈಕೆಯಲ್ಲಿ ಸಂಗೀತದ ಸ್ಥಾನವನ್ನು ಅರಿಯುವುದು.
2. ಆಸ್ಪತ್ರೆಯಲ್ಲಿರುವ ವಿದ್ಯಾರ್ಥಿಗೆ ತರಗತಿಯು ನೆರವಾಗುವ ಬಗೆಯನ್ನು ತಿಳಿಯುವುದು.

ಪೀಠಿಕೆ
ಗಡಿನಾಡಿನ ಮಗು ಕಾಯಿಲೆಬಿದ್ದು ಆಸ್ಪತ್ರೆ ಸೇರಿದಾಗ ಅದರ ಸುತ್ತಲಿನ ಭಾಷೆಯೂ ಬದಲಾಗುವುದುಂಟು. ವೈದ್ಯರ ಮಾತು ಒಂದು, ದಾದಿಯರ ಮಾತು ಇನ್ನೊಂದು, ಪಕ್ಕದ ಹಾಸಿಗೆಯವರದು ಮತ್ತೊಂದು. ಸೂಜಿ ಚುಚ್ಚುವ ಮೊದಲೇ ಈ ಅಪರಿಚಿತತೆ ಮಗುವನ್ನು ಅಂಜಿಸುತ್ತದೆ. ಆಗ ಅದಕ್ಕೆ ಆಸರೆಯಾಗುವುದು ಹೆತ್ತವರ ದನಿ.

ವಿಷಯ ವಿವರಣೆ
ವಾರ್ಡಿನಲ್ಲಿ ಧ್ವನಿಮುದ್ರಿಕೆಯನ್ನು ಹಾಕಿಬಿಟ್ಟರೆ ಅದು ಸಂಗೀತ ಚಿಕಿತ್ಸೆಯಾಗದು. ತರಬೇತಿ ಪಡೆದ ಚಿಕಿತ್ಸಕರು ಮಗುವಿನ ಉಸಿರು, ಮುಖಭಾವ, ಚಲನೆಗಳನ್ನು ಗಮನಿಸುತ್ತಾರೆ. ಮೊದಲು ಮಗುವಿನ ಸ್ಥಿತಿಗೆ ಹೊಂದುವ ಲಯದಲ್ಲಿ ಹಾಡಿ, ಅನಂತರ ಮೆಲ್ಲನೆ ಲಯವನ್ನು ಇಳಿಸುತ್ತಾರೆ. ಮಗುವಿನ ಉಸಿರೂ ಅದರೊಡನೆ ನಿಧಾನವಾಗುವುದುಂಟು. ಅಮೆರಿಕದ ಮಿಷಿಗನ್‌ನಲ್ಲಿ 1944ರಲ್ಲಿಯೇ ಈ ವಿಷಯದ ಪದವಿ ಶಿಕ್ಷಣ ಆರಂಭವಾಯಿತು.

ಜೋಆನ್ ಲೋವಿ ಮತ್ತು ಸಂಗಡಿಗರು ಅಮೆರಿಕದ 11 ಆಸ್ಪತ್ರೆಗಳ ನವಜಾತ ಶಿಶು ತೀವ್ರ ನಿಗಾ ಘಟಕಗಳಲ್ಲಿ, ಅವಧಿಗೆ ಮುನ್ನ ಜನಿಸಿದ 272 ಶಿಶುಗಳನ್ನು ಕುರಿತು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ್ದು ಮೂರು ಸಾಧನಗಳು: ಗರ್ಭದೊಳಗಿನ ಸದ್ದನ್ನು ಹೋಲುವ ವಾದ್ಯ, ಹೃದಯಬಡಿತವನ್ನು ಹೋಲುವಂತೆ ಬೆರಳಿನಿಂದ ಮೆಲ್ಲನೆ ನುಡಿಸುವ ಮರದ ಪೆಟ್ಟಿಗೆ ಮತ್ತು ಹೆತ್ತವರು ತಾವೇ ಆರಿಸಿದ ಹಾಡು. ಮೆಚ್ಚಿನ ಹಾಡು ಜೋಗುಳವಲ್ಲದಿದ್ದರೆ ಅದನ್ನೇ ಜೋಗುಳದ ಲಯಕ್ಕೆ ಇಳಿಸಲಾಗುತ್ತಿತ್ತು. ಜೋಗುಳದ ವೇಳೆ ಶಿಶುಗಳ ಹೃದಯಬಡಿತ ತಗ್ಗಿತು. ಹೆತ್ತವರು ಆರಿಸಿದ ಹಾಡಿನಿಂದ ಹಾಲು ಹೀರುವಿಕೆ ಉತ್ತಮಗೊಂಡಿತು. ಹೆತ್ತವರ ಆತಂಕವೂ ಕಡಿಮೆಯಾಯಿತು.

ಶಾಲಾ ವಯಸ್ಸಿನ ಮಕ್ಕಳಿಗೆ ಇನ್ನೊಂದು ಲಾಭವಿದೆ. ಆಸ್ಪತ್ರೆಯಲ್ಲಿ ಊಟ, ನಿದ್ರೆ, ಔಷಧ ಯಾವುದೂ ಮಗುವಿನ ಇಚ್ಛೆಯಂತೆ ನಡೆಯುವುದಿಲ್ಲ. ಯಾವ ಹಾಡು, ಯಾವ ವಾದ್ಯ, ಎಲ್ಲಿ ನಿಲ್ಲಿಸಬೇಕು ಎಂಬ ಆಯ್ಕೆ ಮಾತ್ರ ಅದರ ಕೈಗೆ ಬರುತ್ತದೆ. ನೋವಿನತ್ತ ಇದ್ದ ಗಮನವೂ ಹಂಚಿಹೋಗುತ್ತದೆ. ಸಂಗೀತವು ಔಷಧಕ್ಕೆ ಬದಲಿಯಲ್ಲ. ಔಷಧವನ್ನು ತಾಳಿಕೊಳ್ಳಲು ಜೊತೆಗಾರ.

ತರಗತಿ ಚಟುವಟಿಕೆ
ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರಿಂದ ಒಂದು ಜೋಗುಳವನ್ನು ಕೇಳಿ ಕಲಿತು ಬರಲಿ. ಕಾಸರಗೋಡಿನ ಮಗು ತುಳು ಅಥವಾ ಹವ್ಯಕ ಕನ್ನಡದ ಹಾಡನ್ನು ತರಬಹುದು. ನೀಲಗಿರಿಯ ಮಗು ಬಡಗ ಹಾಡನ್ನು, ಸೊಲ್ಲಾಪುರದ ಮಗು ತೊಟ್ಟಿಲ ಪದವನ್ನು ತರಬಹುದು. ಶಿಕ್ಷಕರು ಅವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಮಗುವನ್ನು ಸಂತೈಸಿದ್ದು ಅದೇ ನುಡಿ, ಅದೇ ಉಚ್ಚಾರ. ಸಹಪಾಠಿಯೊಬ್ಬರು ಆಸ್ಪತ್ರೆಯಲ್ಲಿದ್ದರೆ, ಅವರ ಮೆಚ್ಚಿನ ಹಾಡನ್ನು ತರಗತಿಯವರು ಒಟ್ಟಾಗಿ ಹಾಡಿ, ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಬಹುದು.

ಗಮನಿಸಬೇಕಾದ ಅಂಶಗಳು
• ಹೆತ್ತವರ ಮತ್ತು ಆಸ್ಪತ್ರೆಯವರ ಒಪ್ಪಿಗೆ ಮೊದಲು ಪಡೆಯತಕ್ಕದ್ದು.
• ಸದ್ದು ಮೆಲುವಾಗಿರಲಿ. ಶಿಶು ಘಟಕಗಳಲ್ಲಿ ಸದ್ದು 45 ಡೆಸಿಬೆಲ್ ಮೀರದಿರಲೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.
• ಮಗು ಬೇಡವೆಂದರೆ ನಿಲ್ಲಿಸಬೇಕು.
• ರೋಗದ ವಿವರ ತರಗತಿಯಲ್ಲಿ ಚರ್ಚೆಯಾಗಬಾರದು.
• ಮಗು ಶಾಲೆಗೆ ಮರಳಿದ ದಿನ ತಪ್ಪಿದ ಪಾಠಗಳ ಪಟ್ಟಿಗಿಂತ ಮೊದಲು ಅದೇ ಹಾಡು ಅದನ್ನು ಬರಮಾಡಿಕೊಳ್ಳಲಿ.

ಚಿಂತನೆಗೆ ಪ್ರಶ್ನೆಗಳು
1. ಧ್ವನಿಮುದ್ರಿಕೆಗೂ ಎದುರಿನಲ್ಲಿ ಕುಳಿತು ಹಾಡುವುದಕ್ಕೂ ಇರುವ ವ್ಯತ್ಯಾಸವೇನು?
2. ಹೆತ್ತವರೇ ಆರಿಸಿದ ಹಾಡಿಗೆ ಏಕೆ ಮಹತ್ತ್ವ ನೀಡಲಾಯಿತು?
3. ತರಗತಿಯ ಮಕ್ಕಳ ಮನೆಗಳಲ್ಲಿ ಎಷ್ಟು ನುಡಿಗಳ ಜೋಗುಳಗಳಿವೆ? ಪಟ್ಟಿಮಾಡಿರಿ.